ಯಂತ್ರದ ಮೇಲಿನ ಮೂರು ಗೆರೆ

ಯಂತ್ರಕ್ಕೂ ಒಂದು ಮನೆ ಇರುತ್ತದೆ ಎಂಬುದು ನಿಜಗುಣಪ್ಪನಿಗೆ ತಿಳಿದದ್ದು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದವನು, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಅಂಗಡಿ ಹಿಡಿದು, ಕಟ್ಟಿಗೆಯ ಮೇಲೆ ಲೇಸರ್ ಕಿರಣದಿಂದ ಸುಟ್ಟು ಬರೆಯುವ ಯಂತ್ರವೊಂದನ್ನು ತರಿಸಿದ್ದ. ದೊಡ್ಡದೇನಲ್ಲ, ಮೇಜಿನ ಮೇಲೆ ಕೂರುವಂಥದ್ದು. ಸ್ವಿಚ್ ಹಾಕಿದರೆ ಅದರ ತಲೆ ಎಲ್ಲಿದ್ದರೂ ಮೆಲ್ಲಗೆ ಸರಿಯುತ್ತ ಎಡಮೂಲೆಗೆ ಬಂದು, ಅಲ್ಲಿರುವ ಹುರುಳಿಕಾಳಿನಷ್ಟು ಗುಂಡಿಯನ್ನು ಮುಟ್ಟಿ ‘ಟಿಕ್’ ಎನ್ನುತ್ತಿತ್ತು. ಆ ಮೂಲೆಯೇ ಅದರ ಮನೆ. ಅಷ್ಟಾದರೆ ತಾನೆಲ್ಲಿದ್ದೇನೆಂದು ಅದಕ್ಕೆ ಗೊತ್ತಾಗುತ್ತಿತ್ತು. ಆಮೇಲೆಯೇ ಕೆಲಸ. ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕದ ನಿಜಗುಣಪ್ಪನಿಗೆ ಯಂತ್ರದ ಈ ನೇಮ ಬಹಳ ಹಿಡಿಸಿತ್ತು.

ಅಂಗಡಿಯಲ್ಲಿ ಅವನಿಗೆ ಜೊತೆಯಾದವನು ಸಂಗೊಳ್ಳಿಯ ರಾಮಲಿಂಗಪ್ಪ. ಇಬ್ಬರೂ ಸಂಗೊಳ್ಳಿಯ ಸಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಅಕ್ಷರ ತಿದ್ದಿದವರು. ರಾಮಲಿಂಗಪ್ಪನಿಗೆ ಹೊಲವಿತ್ತು, ಜೊತೆಗೆ ಬಡಗಿತನ ಕೈಗೆ ಹತ್ತಿತ್ತು. ಅವನು ಕಟ್ಟಿಗೆ ಕೊಯ್ದು, ನುಣುಪು ಮಾಡಿ ಕೊಡಬೇಕು. ಇವನು ಚಿತ್ರ ಬರೆದು ಯಂತ್ರಕ್ಕೆ ಕೊಡಬೇಕು. ಇಬ್ಬರ ಬಳಿಯೂ ಅಂಗಡಿಯ ಚಾವಿ ಇತ್ತು. ರಾಮಲಿಂಗಪ್ಪ ಎಂಟೂವರೆಯ ಬಸ್ಸಿಗೆ ಬಂದು ಬಾಗಿಲು ತೆಗೆದು ಕಸ ಹೊಡೆದಿಡುತ್ತಿದ್ದ. ನಿಜಗುಣಪ್ಪ ಪೂಜೆ ಮುಗಿಸಿ ಒಂಬತ್ತೂವರೆಗೆ ಬರುತ್ತಿದ್ದ.

ಶ್ರಾವಣಕ್ಕೆ ಮೊದಲು ಕಿತ್ತೂರಿನ ಒಬ್ಬರು ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಬರುವ ಬೀಗರಿಗೆ ಕೊಡಲೆಂದು ಇಪ್ಪತ್ತೊಂದು ಸಾಗವಾನಿ ಹಲಗೆ ಕೇಳಿದರು. ನಡುವೆ ವರ್ತುಳ, ವರ್ತುಳದ ಸುತ್ತ ಪಂಚಾಕ್ಷರಿ. ಅವರು ಮೊದಲು ಕೇಳಿದ್ದು ರಾಮಲಿಂಗಪ್ಪನನ್ನು, ಉಳಿಯಿಂದ ಕೆತ್ತಿಕೊಡು ಎಂದು. “ಅಷ್ಟು ಹಲಗೆ ಕೈಯಿಂದ ಯಾವಾಗ ಮುಗಿಯಬೇಕು, ಯಂತ್ರ ಬರೆಯುತ್ತದೆ” ಎಂದು ನಡುವೆ ಬಾಯಿ ಹಾಕಿದವನು ನಿಜಗುಣಪ್ಪ. ರಾಮಲಿಂಗಪ್ಪ ಕೈಯಲ್ಲಿದ್ದ ಉಳಿಯನ್ನು ಚೀಲಕ್ಕೆ ಹಾಕಿಕೊಂಡ.

ಮಾದರಿಗೆಂದು ಬರೆದ ಮೊದಲ ಹಲಗೆಯನ್ನು ಎತ್ತಿ ಹಿಡಿದು ರಾಮಲಿಂಗಪ್ಪನೇ ನಕ್ಕ.

“ಲೇ ಮಾಸ್ತರ, ನಿನ್ನ ವರ್ತುಳ ತತ್ತಿ ಆಗೇತಿ ನೋಡು.”

“ಬೆಳಕಿನ ದೋಷ ಇರಬೇಕು.”

“ಬೆಳಕಿಂದಲ್ಲೋ, ನಿನ್ನ ಚಾಳೀಸಿನ ದೋಷ. ಪಟ್ಟಿ ಇಟ್ಟು ನೋಡು.”

ಪಟ್ಟಿ ಇಟ್ಟು ನೋಡಿದರೆ ನಿಜವೇ. ಅಡ್ಡ ಇಪ್ಪತ್ತು ಸೆಂಟಿಮೀಟರ್, ಉದ್ದ ಹತ್ತೊಂಬತ್ತೂವರೆ. ಗೆರೆ ಹೊರಟಲ್ಲಿಗೆ ಬಂದು ಸೇರದೆ, ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಪಂಚಾಕ್ಷರಿಯ ನಡುವೆ ಇಂಥ ಸೊಟ್ಟ ವರ್ತುಳ ಕಂಡು ನಿಜಗುಣಪ್ಪನಿಗೆ ಏನೋ ಅಪಚಾರವಾದಂತೆ ಅನಿಸಿತು. ರಾಮಲಿಂಗಪ್ಪ ನಕ್ಕದ್ದು ಮಾತ್ರ ಕಿವಿಯಲ್ಲಿ ಉಳಿಯಿತು.

ಅಂದು ಸಂಜೆ ಚಹದಂಗಡಿಯ ಪರಶು ಬಸಿಯಲ್ಲಿ ಚಹ ಕೊಡುತ್ತ ಸುಮ್ಮನೆ ಒಂದು ಮಾತು ಬಿಟ್ಟ. “ನಿಮ್ಮ ದೋಸ್ತ ಭಾರಿ ಮಾತಾಡ್ತಾರ ಬಿಡ್ರಿ ಮಾಸ್ತರ. ಮಶಿನ್ ಮಾಡಿದ್ದು ಕೆತ್ತಿದ್ದಲ್ಲೋ ಪರಶ್ಯಾ, ಸುಟ್ಟಿದ್ದು ಅಂತಿದ್ರು.”

ಪರಶು ನಗೆಗೆ ಹೇಳಿದ್ದ. ಆದರೆ ಜೋಳದ ಚೀಲಕ್ಕೆ ನುಸಿ ಹೊಕ್ಕರೆ ಹೊರಗಿನವರಿಗೆ ಕಾಣುವುದಿಲ್ಲ. ಮುಂಜಾನೆ ಒಂದು ತಾಸು ರಾಮಲಿಂಗಪ್ಪನೊಬ್ಬನೇ ಅಂಗಡಿಯಲ್ಲಿರುತ್ತಾನೆ. ಆ ಒಂದು ತಾಸಿನಲ್ಲಿ ಏನು ಮಾಡುತ್ತಾನೆ? ಯಂತ್ರ ಕೆಟ್ಟರೆ ಕಿತ್ತೂರಿನ ಕೆಲಸ ಯಾರ ಉಳಿಗೆ ಹೋಗುತ್ತದೆ?

ನೇರವಾಗಿ ಕೇಳುವ ಧೈರ್ಯ ನಿಜಗುಣಪ್ಪನಿಗಾಗಲಿಲ್ಲ. ಮರುದಿನ ಸಂಜೆ ರಾಮಲಿಂಗಪ್ಪ ಬಸ್ಸಿಗೆ ಹೋದ ಮೇಲೆ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಯಂತ್ರದ ಎಡಮೂಲೆಯಲ್ಲಿ, ಗುಂಡಿಯ ಪಕ್ಕದಲ್ಲಿ ಮೂರು ಬೆರಳಿನ ಗೆರೆ ಎಳೆದ. ತಲೆಯ ಚಕ್ರಗಳು ಓಡುವ ಕಂಬಿಯ ಮೇಲೂ ಮೂರು ಗೆರೆ. ಯಾರು ನೋಡಿದರೂ ಪೂಜೆ ಎನ್ನಬೇಕು. ತಾನಿಲ್ಲದಾಗ ಯಾರಾದರೂ ಯಂತ್ರದ ತಲೆಯನ್ನು ಸರಿಸಿದರೆ ಗೆರೆ ಕೆಡುತ್ತದೆ. ಕೆಟ್ಟರೆ ಕಳ್ಳ ಸಿಕ್ಕ.

ಬೆಳಿಗ್ಗೆ ಬಂದು ನೋಡಿದರೆ ಕಂಬಿಯ ಮೇಲಿನ ಗೆರೆ ಹಿಸುಕಿ ಹರಡಿತ್ತು.

ಕಳ್ಳ ಸಿಕ್ಕನೆಂದುಕೊಂಡ. ಆದರೂ ತೋರಗೊಡದೆ ಕೇಳಿದ, “ಮುಂಜಾನೆ ನೀ ಮಶಿನ್ ಚಾಲೂ ಮಾಡಿದ್ಯೇನ?”

“ಯಾಕೋ, ನನಗ ಅದರ ಕಂಪ್ಯೂಟರ್ ಬರೂದಿಲ್ಲ ಅನ್ನೂದು ಗೊತ್ತಿಲ್ಲೇನ?” ಎಂದು ರಾಮಲಿಂಗಪ್ಪ ಹಲಗೆಗೆ ಮರಳು ಕಾಗದ ತಿಕ್ಕುತ್ತಲೇ ಇದ್ದ.

ಹೌದು, ಸುಳ್ಳು ಹೇಳುತ್ತಿದ್ದಾನೆ, ಅಂದುಕೊಂಡ ನಿಜಗುಣಪ್ಪ. ಅಂದು ಸಂಜೆ ಮತ್ತೆ ಗೆರೆ ಎಳೆದ. ಮರುದಿನ ಮತ್ತೆ ಕೆಟ್ಟಿತ್ತು. ಹೀಗೆ ದಿನವೂ ನಡೆಯಿತು. ದಿನವೂ ಯಂತ್ರ ಇನ್ನಷ್ಟು ಹಾಳಾಯಿತು. ಎಂಟನೆಯ ದಿನ ಚೌಕ ಬರೆದರೆ ಒಂದು ಕಡೆಗೆ ವಾಲಿತು, ಗಾಳಿಗೆ ಸಿಕ್ಕ ಗುಡಿಸಲಿನಂತೆ. ಹದಿನೈದನೆಯ ದಿನ ಸ್ವಿಚ್ ಹಾಕಿದಾಗ ತಲೆ ಮೂಲೆಗೆ ಬಂತು, ಗುಂಡಿ ಮುಟ್ಟಿತು, ‘ಟಿಕ್’ ಎನ್ನಲಿಲ್ಲ. ಇನ್ನೂ ಮುಂದೆ ಹೋಗಲು ಜಗ್ಗುತ್ತ ‘ಟರ್‍ರ್‍ರ್’ ಎಂದು ಚೌಕಟ್ಟಿಗೆ ಹಾಯ್ದು ನಡುಗಿತು. ಕಂಪ್ಯೂಟರಿನಲ್ಲಿ ಕೆಂಪು ಸೂಚನೆ ಬಂತು. ಮನೆ ಸಿಗಲಿಲ್ಲ ಅನ್ನುವುದು ಅದರ ಅರ್ಥ.

ಈ ನಡುವೆ ರಾಮಲಿಂಗಪ್ಪನ ಫೋನು ಬಂದರೆ ಅವನು ಓಣಿಗೆ ಎದ್ದು ಹೋಗಿ, ದನಿ ತಗ್ಗಿಸಿ ಮಾತಾಡತೊಡಗಿದ್ದ. ಕಿತ್ತೂರಿನವರೇ ಇರಬೇಕು. ಕಿತ್ತೂರಿನ ಹಲಗೆ ಮುಟ್ಟಿಸಿದ ದಿನವೇ ‘ನಾಳಿಂದ ನೀ ಬರೂದು ಬ್ಯಾಡ’ ಎಂದುಬಿಡುವುದೆಂದು ನಿಜಗುಣಪ್ಪ ನಿಶ್ಚಯಿಸಿದ. ಆ ಮಾತನ್ನು ಮನಸ್ಸಿನಲ್ಲೇ ಹತ್ತಾರು ಸಲ ಹೇಳಿ ನೋಡಿದ. ಪೂಜೆಗೆ ಕೂತಾಗ ಅಂಗೈಯ ಲಿಂಗದ ಮೇಲೆ ಕಣ್ಣಿಟ್ಟರೂ ತುಟಿ ಆ ಮಾತನ್ನೇ ಆಡುತ್ತಿತ್ತು. ಹೆಂಡತಿ ರಾಜೇಶ್ವರಿ ಕೇಳಿದಳು, “ಯಾರಿಗೆ ಬೈಯಾಕತ್ತೀರಿ?”

ಹದಿನೆಂಟನೆಯ ದಿನ, ಗೃಹಪ್ರವೇಶಕ್ಕೆ ಇನ್ನು ನಾಲ್ಕೇ ದಿನ ಇದ್ದಾಗ, ಸವದತ್ತಿಯಿಂದ ಮಧು ಬಂದಳು. ಅವನ ಹಳೆಯ ವಿದ್ಯಾರ್ಥಿನಿ. ಅಲ್ಲಿ ಚಹದ ಕಪ್ಪು, ಅಂಗಿಗಳ ಮೇಲೆ ಫೋಟೋ ಮುದ್ರಿಸುವ ಅಂಗಡಿ ಇಟ್ಟಿದ್ದಳು. ಇಂಥದ್ದೇ ಯಂತ್ರ ಅವಳ ಬಳಿಯೂ ಇತ್ತು.

“ಮಶಿನ್ ಕೆಟ್ಟೇತಂತ ನಿನಗ ಯಾರ ಹೇಳಿದ್ರವ್ವಾ?”

“ರಾಮಲಿಂಗಪ್ಪ ಕಾಕಾ ನಾಕ ಸಲ ಫೋನ್ ಮಾಡಿದ್ರಿ ಸರ. ಮಾಸ್ತರಗ ಹೇಳಬ್ಯಾಡ, ನಾಚಿಕಿ ಪಡತಾನ, ನೀನಾಗೇ ಬಂದಂಗ ಬಾ ಅಂದ್ರು.”

ರಾಮಲಿಂಗಪ್ಪ ತಲೆ ಕೆರೆದುಕೊಂಡು, “ಎಲ್ಲಾ ಒದರಿಬಿಟ್ಟಿ ನೋಡು. ನಿನ್ನ ಕರದಿದ್ದ ತಪ್ಪಾತು,” ಎಂದ.

ಓಣಿಯಲ್ಲಿ ದನಿ ತಗ್ಗಿಸಿ ಆಡುತ್ತಿದ್ದ ಮಾತು ಇದೇ ಎಂದು ನಿಜಗುಣಪ್ಪನಿಗೆ ಹೊಳೆಯಿತು. ಆದರೂ ಸಂಶಯದ ನುಸಿ ಸುಮ್ಮನಿರಲಿಲ್ಲ. ಮುಂಜಾನೆ ಗೆರೆ ಕೆಡಿಸುವವರು ಮತ್ತೆ ಯಾರು?

ಮಧು ಕರೆಂಟು ತೆಗೆಸಿ, ಯಂತ್ರದ ತಲೆಯನ್ನು ಕೈಯಿಂದಲೇ ಅತ್ತಿತ್ತ ಸರಿಸಿ ನೋಡಿದಳು. ಒಂದು ಕಡೆ ಸಲೀಸು, ಒಂದು ಕಡೆ ಕಿರಕಿರಿ. ಮೋಟರಿನಿಂದ ತಲೆಯನ್ನು ಎಳೆಯುವ ರಬ್ಬರ್ ಪಟ್ಟಿಯನ್ನು ಬೆರಳಿಂದ ಮೀಟಿದಳು. ಪಟ್ಟಿ ಸುತ್ತಿದ ಹಲ್ಲಿನ ಗಾಲಿಯ ಸಣ್ಣ ಸ್ಕ್ರೂ ತಿರುವಿದಳು. ಅದು ಪೂರಾ ಸಡಿಲಾಗಿತ್ತು.

“ನಿಮ್ಮ ವರ್ತುಳ ಮದಲ ಕೆಟ್ಟಿದ್ದು ಇದರಿಂದ್ರಿ ಸರ. ಮೋಟರ್ ತಿರಗತೈತಿ, ಗಾಲಿ ಜಾರತೈತಿ.”

“ಇದನ್ನ ಯಾರ ಸಡ್ಲ ಮಾಡಿರಬೇಕು?” ನಿಜಗುಣಪ್ಪ ಯಾರ ಮುಖವನ್ನೂ ನೋಡದೆ ಕೇಳಿದ.

“ಯಾರ ಮಾಡ್ತಾರ್ರೀ? ನಡಗಿ ನಡಗಿ ತಾನ ಆಗತೈತಿ. ನಂದೂ ಆಗಿತ್ತು.”

ಆಮೇಲೆ ಅವಳು ಚಕ್ರಗಳನ್ನು ಬಿಚ್ಚಿದಳು. ಬೂದುಬಣ್ಣದ ಗಟ್ಟಿ ಹಕ್ಕಳೆ ಅಂಟಿತ್ತು. ಮೂಲೆಯ ಗುಂಡಿಯ ಸಂದಿಯಲ್ಲೂ ಅದೇ, ಹೊಗೆಯ ಮಸಿ ಕೂಡಿ ಸಿಮೆಂಟಿನಂತೆ ಕೂತಿತ್ತು. ಗುಂಡಿ ಒಳಗೆ ಒತ್ತುವಂತೆಯೇ ಇರಲಿಲ್ಲ.

“ಇದೇನ್ರಿ ಇದು, ಬೂದಿ?”

“ಬೂದಿ ಅಲ್ಲವ್ವಾ, ವಿಭೂತಿ,” ಎಂದ ರಾಮಲಿಂಗಪ್ಪ. “ಮಾಸ್ತರ ದಿನಾ ಮಶಿನಿಗೆ ಪೂಜಿ ಮಾಡತಾನ. ನಾ ಮುಂಜಾನಿ ಬಂದು ಅದರ ತಲಿ ಆಕಡೆ ಈಕಡೆ ಸರಿಸಿ ಕಟ್ಟಿಗಿ ಹುಡಿ ಎಲ್ಲಾ ವರಸ್ತೇನಿ. ವಿಭೂತಿ ಮಾತ್ರ ಮುಟ್ಟಿಲ್ಲ. ದೇವರಿಗೆ ಇಟ್ಟಿದ್ದನ್ನ ಹೆಂಗ ವರಸ್ಲಿ?”

ಮಧು ನಕ್ಕಳು. “ಸರ, ಪೂಜಿ ಮಾಡ್ರಿ, ಬ್ಯಾಡ ಅನ್ನಲ್ಲ. ಆದ್ರ ಹಣಿಗೆ ಹಚ್ಚೂದು ಹಣಿಗೇ ಇರ್ಲಿ. ಈ ಗೆರಿ ಮ್ಯಾಲೆ ಗಾಲಿ ಹಾದು ಹಾದು ಹೊಲದ ದಾರಿ ಆಗೇತಿ.”

ತಿಕ್ಕಿ ತೊಳೆದು ಎಲ್ಲ ಜೋಡಿಸಿದ ಮೇಲೆ ಸ್ವಿಚ್ ಹಾಕಿದರು. ತಲೆ ಮೆಲ್ಲಗೆ ಸರಿದು ಮೂಲೆಗೆ ಬಂತು. ‘ಟಿಕ್.’ ವರ್ತುಳ ಬರೆಸಿದರು. ಬಟ್ಟಲು ಬೋರಲು ಇಟ್ಟು ಗೆರೆ ಎಳೆದಂತೆ ಬಂತು. ರಾಮಲಿಂಗಪ್ಪ ಮಗುವಿನಂತೆ ಚಪ್ಪಾಳೆ ಹೊಡೆದ. ಮಧು ಚಹ ಕುಡಿದು ಸವದತ್ತಿಯ ಬಸ್ಸಿಗೆ ಹೋದಳು.

ನಿಜಗುಣಪ್ಪ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅತಿಭಕ್ತಿಯಿಂದ ಯಂತ್ರ ಕೆಡಿಸಿದ ಮಾಸ್ತರನ ಕಥೆ ಪರಶುವಿನ ಅಂಗಡಿಯಲ್ಲಿ ನಾಲ್ಕು ದಿನ ನಗೆಯಾಗುತ್ತಿತ್ತು, ಅಷ್ಟೇ. ಆದರೆ ‘ಪೂಜಿ ಮಾಡತಾನ’ ಎಂಬ ಮಾತು ಅವನಿಗೆ ನುಂಗಲು ಬರಲಿಲ್ಲ. ಶಿವನ ಹೆಸರಿನಲ್ಲಿ ಹಚ್ಚಿದ್ದು ಒಂದೇ ಒಂದು ಗೆರೆಯೂ ಇರಲಿಲ್ಲ.

“ರಾಮಲಿಂಗಾ, ಅದು ಪೂಜಿ ಅಲ್ಲ.”

“ಮತ್ತೇನ?”

“ನಾ ಇಲ್ಲದಾಗ ನೀ ಮಶಿನ್ ಮುಟ್ಟತಿ ಅಂತ... ಗುರುತ ಹಾಕಿದ್ದೆ. ನೀನ ಕೆಡಸಾಕತ್ತಿ ಅಂದಕೊಂಡಿದ್ದೆ.”

ರಾಮಲಿಂಗಪ್ಪನ ಮುಖದ ಮೇಲಿನ ನಗೆ ಕೂಡಲೇ ಹೋಗಲಿಲ್ಲ. ಅರ್ಥವಾಗಲು ಹೊತ್ತು ಹಿಡಿಯಿತು.

“ಎಷ್ಟ ದಿವಸ?”

“ಹದಿನೇಳು.”

“ಈ ಹದಿನೇಳು ದಿವಸದಾಗ ನಿಮ್ಮ ಮನಿಯಾಗ ನಾ ಎಷ್ಟೋ ಸಲ ಉಂಡೇನಿ. ನೀ ಎದುರಿಗೆ ಕುಂತು, ಇವಗ ಇನ್ನೊಂದ ರೊಟ್ಟಿ ಹಾಕ ಅಂತಿದ್ದಿ. ಆಗೂ ಮನಸ್ಸಿನಾಗ ಇದ ಇತ್ತೇನ?”

“ಇತ್ತು.”

ರಾಮಲಿಂಗಪ್ಪ ಕೈಯಲ್ಲಿದ್ದ ಮರಳು ಕಾಗದವನ್ನು ಮಡಚಿ ಇಟ್ಟ. ಆಮೇಲೆ, “ಮದಲ ಹಲಗಿ ಇಡು. ಕಿತ್ತೂರಿನವರಿಗೆ ಮಾತ ಕೊಟ್ಟೇವಿ,” ಎಂದ.

ನಾಲ್ಕು ದಿನ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮಧ್ಯಾಹ್ನ ರಾಮಲಿಂಗಪ್ಪ ಹೆಂಡತಿ ಮರೆವ್ವ ಕಟ್ಟಿಕೊಟ್ಟ ಬುತ್ತಿಯನ್ನು ಅಂಗಡಿಯಲ್ಲೇ ಬಿಚ್ಚಿದ. ರಾಜೇಶ್ವರಿ ಫೋನು ಮಾಡಿ ಊಟಕ್ಕೆ ಕರೆದರೆ “ಹಸಿವಿಲ್ಲ ತಂಗಿ” ಎಂದ. ಇಪ್ಪತ್ತೊಂದು ಹಲಗೆ ಮುಗಿದವು, ಒಂದರಲ್ಲೂ ದೋಷವಿರಲಿಲ್ಲ. ಇಬ್ಬರೂ ಹೋಗಿ ಕಿತ್ತೂರಿಗೆ ಮುಟ್ಟಿಸಿ ಬಂದರು. ಇನ್ನು ಇವನು ಬರುವುದಿಲ್ಲ ಎಂದುಕೊಂಡೇ ನಿಜಗುಣಪ್ಪ ಅಂದು ಮಲಗಿದ.

ಮರುದಿನ ಒಂಬತ್ತೂವರೆಗೆ ಅಂಗಡಿಗೆ ಬಂದರೆ ರಾಮಲಿಂಗಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಬಾಗಿಲು ಹಾಕಿಯೇ ಇತ್ತು.

“ಚಾವಿ ಮರ್ತಿಯೇನ?”

“ಇಲ್ಲ. ನೀ ಬಂದ ಮ್ಯಾಲೆ ಒಳಗ ಹೋಗೂದು ಛಲೋ.”

ಬಿಸಿಲಿನಲ್ಲಿ ಒಂದು ತಾಸು ಕೂತು ಅವನ ಅಂಗಿ ಬೆನ್ನಿಗೆ ಅಂಟಿತ್ತು. ಮರುದಿನವೂ ಹಾಗೆಯೇ. ಮೂರನೆಯ ದಿನ ನಿಜಗುಣಪ್ಪ ನಸುಕಿನಲ್ಲೇ ಎದ್ದು ಪೂಜೆ ಮುಗಿಸಿ, ಎಂಟಕ್ಕೇ ಬಂದ. ಬಾಗಿಲು ತೆಗೆಯಲಿಲ್ಲ. ಅದೇ ಮೆಟ್ಟಿಲ ಮೇಲೆ ಕೂತ. ಬಸ್ಸಿಳಿದು ಬಂದ ರಾಮಲಿಂಗಪ್ಪ ಅವನನ್ನು ಕಂಡು ನಿಂತ.

“ಯಾಕ ಹೊರಗ ಕುಂತಿ?”

“ಬಾಗಲಾ ನೀ ತಗಿ.”

“ನಾ ಒಲ್ಲೆ.”

“ಹಂಗಾದ್ರ ಕುಂದರು.”

ರಾಮಲಿಂಗಪ್ಪ ಒಂದು ಗೇಣು ಬಿಟ್ಟು ಪಕ್ಕದಲ್ಲಿ ಕೂತ. ಎದುರು ಮನೆಯ ಇಂದ್ರವ್ವ ಮೊಮ್ಮಗಳ ಹೆಸರಿನ ಫಲಕ ಕೇಳಲು ಬಂದವಳು ಇಬ್ಬರನ್ನೂ ನೋಡಿದಳು.

“ಏನ್ರೀ, ಅಂಗಡಿ ಮಾಲಕರು ಇಬ್ರೂ ಹೊರಗ? ಒಳಗ ಹಾವ ಹೊಕ್ಕೇತೇನ?”

“ಹಾವ ಹೊಕ್ಕಿತ್ತವ್ವಾ,” ಎಂದ ನಿಜಗುಣಪ್ಪ. “ಈಗ ಇಲ್ಲ.”

ರಾಮಲಿಂಗಪ್ಪ ಓಣಿಯ ಕಡೆ ಮುಖ ತಿರುಗಿಸಿ ಕೂತಿದ್ದ. ಮುಖ ತಿರುಗಿಸದೆಯೇ, “ಆಕಿ ಎಷ್ಟೊತ್ತ ನಿಂದರಬೇಕು? ಏಳೋ ಮಾಸ್ತರ,” ಎಂದ.

ನಿಜಗುಣಪ್ಪ ಎದ್ದು ಬಾಗಿಲು ತೆಗೆದ. ಅವನು ಒಳಗೆ ಹೋಗಿ ದೀಪ ಹಾಕುವ ತನಕ ರಾಮಲಿಂಗಪ್ಪ ಹೊರಗೇ ನಿಂತಿದ್ದ. ಆಮೇಲೆ ಚಪ್ಪಲಿ ಬಿಟ್ಟು, ಇಂದ್ರವ್ವನನ್ನು ಮುಂದೆ ಮಾಡಿಕೊಂಡು ಒಳಗೆ ಬಂದ.