ಸಂಜೆಯವರೆಗಿನ ಪರ್ಮಿಟ್ಟು

“ನಿಮ್ಮ ಮದ್ರಾಸಿನ ಕಡೆಯವರಿಗೆ ಇದರಲ್ಲಿ ಪಾಪ ಅನ್ನೋದಿಲ್ಲ, ಅದೊಂದು ಒಳ್ಳೇದಾಯ್ತು ಸಾಬ್” ಎಂದ ರಾಮ್‌ಫಲ್. ಬೆರಣಿ ಒಟ್ಟಿದ್ದ ಗೂಡಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ಅವನ ಬಾಯಿಂದ ಮಾತಿಗಿಂತ ಮೊದಲು ಹಬೆ ಬರುತ್ತಿತ್ತು.

ಬಸವಲಿಂಗಪ್ಪ ತಲೆಯಾಡಿಸಿದ. ಮದ್ರಾಸನ್ನು ಅವನು ಒಂದೇ ಸಲ ನೋಡಿದ್ದು, ಅದೂ ರೈಲು ಬದಲಿಸುವಾಗ ಪ್ಲಾಟ್‌ಫಾರ್ಮಿನಿಂದ. ದಾವಣಗೆರೆ ಎಲ್ಲಿದೆ ಎಂದು ಮೊದಲ ಎರಡು ವರ್ಷ ಎಲ್ಲರಿಗೂ ವಿವರಿಸಿದ. ಆಮೇಲಿನ ಒಂಬತ್ತು ವರ್ಷ ಬಿಟ್ಟುಬಿಟ್ಟಿದ್ದ. ಪಾಪದ ವಿಷಯವನ್ನೂ ಹಾಗೇ ಬಿಟ್ಟ.

ಫೆಬ್ರವರಿಯ ಭಾನುವಾರ. ಮಂಜಿನಾಚೆ ಕಾರ್ಖಾನೆಯ ನೀರಿನ ಟ್ಯಾಂಕು ಮಾತ್ರ ಕಾಣುತ್ತಿತ್ತು, ಕಂಬಗಳಿಲ್ಲದೆ ತೇಲುವ ಹಾಗೆ. ದೆಹಲಿಯಾಚೆಯ ಮಾನೇಸರಿನ ಆ ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳನ್ನು ಅಳೆದು ಪಾಸು, ಫೇಲು ಎಂದು ಬರೆಯುವುದು ಬಸವಲಿಂಗಪ್ಪನ ಕೆಲಸ. ರಾಮ್‌ಫಲ್ ಅಲ್ಲೇ ತಗಡು ಒತ್ತುವ ಪ್ರೆಸ್ ನಡೆಸುವವನು. ಕಾರ್ಖಾನೆಯ ಬೆನ್ನಿಗೇ ಅವನ ಹೊಲ, ಹೊಲದ ತುಂಬ ಕಡಲೆ. ಆ ಕಡಲೆಯನ್ನು ಮೂರು ಚಳಿಗಾಲದಿಂದ ತಿನ್ನುತ್ತಿರುವುದು ನೀಲಗಾಯಿ. ಕುದುರೆಯಷ್ಟು ಎತ್ತರ, ಜಿಂಕೆಯ ಜಾತಿ, ಗಂಡಾದರೆ ಬೂದಿಗೆ ನೀಲಿ ಕಲಸಿದ ಮೈ. ಊರಿನವರು ಅದನ್ನು ಹಗಲೆಲ್ಲ ಬಯ್ಯುತ್ತಾರೆ. ಆದರೆ ಹಸುವಿನ ಕುಲ ಎಂದು ನಂಬಿರುವುದರಿಂದ ಒಬ್ಬನೂ ಕೈ ಎತ್ತುವುದಿಲ್ಲ. ಊರಿನಲ್ಲಿ ಐದು ಬಂದೂಕುಗಳಿದ್ದವು, ಐದೂ ಮದುವೆಗಳಲ್ಲಿ ಆಕಾಶಕ್ಕೆ ಹೊಡೆಯುವುದಕ್ಕೆ.

ಹೊಡೆಯಲು ಸರ್ಕಾರದ ಪರ್ಮಿಟ್ಟು ಬೇಕು. ಮೂರು ವರ್ಷ ಅರ್ಜಿ ಹಾಕಿದ ಮೇಲೆ ರಾಮ್‌ಫಲ್‌ಗೆ ಈ ಸಲ ಸಿಕ್ಕಿತ್ತು. ಒಂದೇ ಪ್ರಾಣಿ, ಅದೂ ಗಂಡು. ಅರ್ಜಿದಾರನ ಸ್ವಂತ ಹೊಲದೊಳಗೆ ಮಾತ್ರ. ಹೆಸರಿಸಿದ ಗುರಿಗಾರನೇ ಹೊಡೆಯಬೇಕು. ಹದಿನೈದನೆಯ ದಿನದ ಸೂರ್ಯಾಸ್ತಕ್ಕೆ ಅವಧಿ ಮುಗಿಯುತ್ತದೆ. ಇವತ್ತು ಹದಿನೈದನೆಯ ದಿನ.

ಗುರಿಗಾರ ಎಂಬಲ್ಲಿ ಬಸವಲಿಂಗಪ್ಪನ ಹೆಸರಿತ್ತು. ಕಂಪನಿಯ ಪತ್ರಿಕೆಯಲ್ಲಿ ಅವನ ಫೋಟೋ ಬಂದಿತ್ತು, ದೆಹಲಿಯ ಶೂಟಿಂಗ್ ರೇಂಜಿನಲ್ಲಿ ಗೆದ್ದ ಪದಕದ ಜೊತೆ. ಅದನ್ನು ಕತ್ತರಿಸಿಕೊಂಡು ಕ್ಯಾಂಟೀನಿಗೆ ಬಂದ ರಾಮ್‌ಫಲ್ ಕೈ ಮುಗಿದು, ನಮ್ಮ ಹೊಲಕ್ಕೆ ನೀವೇ ಬರಬೇಕು, ನಮ್ಮವರು ಬೇರೆ ಯಾರಿದ್ದಾರೆ ಎಂದು ಕೇಳಿದ್ದ. ನಮ್ಮವರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಬಸವಲಿಂಗಪ್ಪ ಒಪ್ಪಿಕೊಂಡಿದ್ದ. ಏನಕ್ಕೆ ಒಪ್ಪಿಕೊಂಡೆ ಎಂದು ತಿಳಿದದ್ದು ಬಸ್ಸಿನಲ್ಲಿ, ತನ್ನ ಮನೆಯಿದ್ದ ಜನಕಪುರಿ ಹತ್ತಿರ ಬಂದಾಗ.

ಅವನು ಇದುವರೆಗೆ ಹೊಡೆದದ್ದು ಕಾಗದಕ್ಕೆ. ಕಾಗದ ತಿರುಗಿ ನೋಡುವುದಿಲ್ಲ.

ಆದರೂ ಈ ಹದಿನೈದು ದಿನ ಎಷ್ಟು ಚೆನ್ನಾಗಿ ಹೋಗಿತ್ತೆಂದರೆ! ಶಿಫ್ಟಿಗೆ ಮೊದಲು, ಶಿಫ್ಟಾದ ಮೇಲೆ, ರಾಮ್‌ಫಲ್ ಜೊತೆ ಬದುಗಳ ಮೇಲೆ ಓಡಾಡಿ ಗೊರಸಿನ ಗುರುತು ಹಿಡಿಯುವುದನ್ನು ಕಲಿತ. ನೀಲಗಾಯಿ ದಿನವೂ ಒಂದೇ ಜಾಗಕ್ಕೆ ಬಂದು ಲದ್ದಿ ಹಾಕುತ್ತದೆ ಎಂದು ತಿಳಿದು, ಆ ರಾಶಿಯನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದ. ಬಂದ ಹೊತ್ತು, ಗಾಳಿಯ ದಿಕ್ಕು, ಹೆಣ್ಣೆಷ್ಟು, ಮರಿ ಎಷ್ಟು. ಹಾಳೆಗಳೆಲ್ಲ ಕೊನೆಗೆ ಒಂದು ಗುಂಡಿನಲ್ಲಿ ಮುಗಿಯಬೇಕು ಎನ್ನುವುದು ಮರೆತೇ ಹೋಗಿತ್ತು, ಓದುವ ಹುಚ್ಚಿನಲ್ಲಿ ಪರೀಕ್ಷೆ ಮರೆತಂತೆ.

ಆರು ಐವತ್ತೆರಡಕ್ಕೆ ಗಂಡು ಬಂತು. ಮಂಜಿನಿಂದ ಮೊದಲು ಕುತ್ತಿಗೆಯ ಬಿಳಿ ಮಚ್ಚೆ, ಆಮೇಲೆ ಉಳಿದ ಮೈ. ಬದುವಿನ ಆಚೆ, ಕಂಪನಿ ಕೊಂಡು ಖಾಲಿ ಬಿಟ್ಟಿದ್ದ ಜಾಗದಲ್ಲಿ ನಿಂತಿತು. ಅಲ್ಲೊಂದು ಗಡಿಕಲ್ಲು. ಅದನ್ನು ದಾಟಿದರೆ ರಾಮ್‌ಫಲ್‌ನ ಕಡಲೆ.

“ಎರಡೇ ಹೆಜ್ಜೆ ಸಾಬ್” ಎಂದು ರಾಮ್‌ಫಲ್ ಪಿಸುಗುಟ್ಟಿದ. “ಯಾರು ಅಳೀತಾರೆ?”

“ನಾನು ಅಳೀತೀನಿ.”

ರಾಮ್‌ಫಲ್ ಮತ್ತೆ ಗೂಡಿಗೆ ಒರಗಿದ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಇಡೀ ದಿನದ ಮಾಲನ್ನು ಹಿಂದಕ್ಕೆ ಕಳಿಸುವ ಸಾಬ್ ಇವರು ಎಂದು ಅವನಿಗೆ ಗೊತ್ತಿತ್ತು. ಅದನ್ನು ಊರಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೂ ಇದ್ದ. ಗಂಡು ಗಡಿಕಲ್ಲನ್ನು ಮೂಸಿ, ಯಾವ ಅವಸರವೂ ಇಲ್ಲದೆ ಮಂಜಿಗೆ ವಾಪಸಾಯಿತು. ಬಸವಲಿಂಗಪ್ಪನಿಗೆ ಕಾಲು ಜೋಮು ಹಿಡಿದಿತ್ತು. ನಿಯಮ ತನ್ನನ್ನು ಕಾಪಾಡಿತು ಎಂದು ಸಂತೋಷಪಟ್ಟ, ಆ ಸಂತೋಷಕ್ಕೆ ನಾಚಿಕೊಂಡ.

ಇನ್ನೊಂದು ಸಲ ಬರುತ್ತೆ, ಸಂಜೆ, ಎಂದ ರಾಮ್‌ಫಲ್. ಬರುತ್ತೆ ಎಂದು ಹಾಳೆಯೂ ಹೇಳುತ್ತಿತ್ತು.

ಹನ್ನೊಂದಕ್ಕೆ ಹೆಂಡತಿ ವೈಜಯಂತಿಯ ಫೋನು.

“ಎಲ್ಲಿದ್ದೀರಿ?”

“ರೇಂಜಲ್ಲಿ.”

“ಹಿಂದೆ ಎಮ್ಮೆ ಕೂಗ್ತಿದೆ.”

“ಹೊರಗಡೆ ಇದ್ದೀನಿ.”

“ಪೂಜೆ ಮಾಡದೆ ಹೋಗಿದ್ದೀರಿ. ವಿಭೂತಿ ಗಟ್ಟಿ ಒದ್ದೆನೇ ಆಗಿಲ್ಲ.” ಅವಳು ಮಗಳ ಮಾತಿಗೆ ಹೊರಳಿದಳು. “ಧಾರಿಣಿ ಕೇಳ್ತಿದ್ದಾಳೆ, ಪಪ್ಪಾ ಕಬ್ ಆಯೇಂಗೇ ಅಂತ.”

“ಕತ್ತಲಾಗುತ್ತೆ ಅನ್ನು.”

ಫೋನಿಟ್ಟ ಮೇಲೆ ಅಂಗಿಯ ಮೇಲಿಂದಲೇ ಎದೆಯ ಬೆಳ್ಳಿ ಕರಡಿಗೆಯನ್ನು ಮುಟ್ಟಿ ನೋಡಿಕೊಂಡ. ಇಷ್ಟಲಿಂಗ ಒಳಗೆ ಬೆಚ್ಚಗೆ ಇದ್ದಿರಬೇಕು. ರಾಮ್‌ಫಲ್ ಅದನ್ನು ಒಮ್ಮೆ ನೋಡಿ, ತಾಯತ ಇರಬೇಕೆಂದು ತಾನೇ ಹೇಳಿಕೊಂಡಿದ್ದ.

ಮಧ್ಯಾಹ್ನ ಊಟಕ್ಕೆ ಮನೆಗೆ ಕರೆದುಕೊಂಡು ಹೋದ. ಅಂಗಳದ ಬೇವಿನ ಕೆಳಗೆ ಹಗ್ಗದ ಮಂಚ. ರಾಮ್‌ಫಲ್‌ನ ತಾಯಿ ತಟ್ಟೆ ತಂದಿಟ್ಟಳು. ಸಜ್ಜೆ ರೊಟ್ಟಿ, ಸಾಸಿವೆ ಸೊಪ್ಪಿನ ಪಲ್ಯ, ಬೆಣ್ಣೆ, ಬೆಲ್ಲ. ನೋಡುತ್ತಲೇ ಬಸವಲಿಂಗಪ್ಪನ ಬಾಯಲ್ಲಿ ನೀರೂರಿತು. ಮುದುಕಿ ಒಳಗೆ ಹೋಗಿ ಮತ್ತೆ ಬಂದಳು. ಈ ಸಲ ಕೈಗೆ ಸೆರಗು ಸುತ್ತಿಕೊಂಡಿದ್ದಳು. ಒಂದು ಹಳೇ ಅಲ್ಯೂಮಿನಿಯಂ ಬಟ್ಟಲನ್ನು ಮುಖ ತಿರುಗಿಸಿಕೊಂಡೇ ತಂದು, ಮಂಚದ ಮೇಲಲ್ಲ, ದೂರದ ಇಟ್ಟಿಗೆಯೊಂದರ ಮೇಲೆ ಇಟ್ಟಳು.

ಬಟ್ಟಲಿನಲ್ಲಿ ಎರಡು ಬೇಯಿಸಿದ ಮೊಟ್ಟೆ.

ಮನೆಯವರು ಯಾರೂ ಮುಟ್ಟದ್ದು, ಹೈವೇ ಹೋಟೆಲಿನಿಂದ ತಾನೇ ಹೋಗಿ ತಂದದ್ದು ಎಂದು ರಾಮ್‌ಫಲ್ ದನಿ ತಗ್ಗಿಸಿ ವಿವರಿಸಿದ. ಅಜ್ಜನ ಕಾಲದಿಂದಲೂ ಈ ಅಂಗಳದೊಳಗೆ ಮೊಟ್ಟೆ ಬಂದದ್ದಿಲ್ಲವಂತೆ. ನಾಳೆ ಆ ಬಟ್ಟಲನ್ನು ಹಳ್ಳಕ್ಕೆ ಎಸೆಯುತ್ತಾರಂತೆ, ಸಾಬ್ ಬೇಜಾರು ಮಾಡಿಕೊಳ್ಳಬಾರದಂತೆ. ಹೇಳುವಾಗ ಅವನ ಮುಖದಲ್ಲಿ ದೊಡ್ಡದೊಂದು ತ್ಯಾಗ ಮಾಡಿದವನ ಕಳೆಯಿತ್ತು.

ಮೊಟ್ಟೆ ಬಸವಲಿಂಗಪ್ಪನ ಬಾಯಿಗೂ ಎಂದೂ ಬಂದದ್ದಲ್ಲ. ಅವನ ಅಜ್ಜಿ ಮೊಟ್ಟೆ ಎಂಬ ಶಬ್ದವನ್ನೇ ಆಡುತ್ತಿರಲಿಲ್ಲ. ಇದನ್ನು ಈಗ ಹೇಳಬಹುದಿತ್ತು, ಒಂದೇ ವಾಕ್ಯ. ಹೇಳಿದರೆ ಪಾಪ ಹತ್ತದ ಮದ್ರಾಸಿ ಎದ್ದು ಹೋಗಿ, ಆ ಮಂಚದ ಮೇಲೆ ಪಾಪ ಹತ್ತುವ ಮಾಮೂಲಿ ಮನುಷ್ಯನೊಬ್ಬ ಕೂತಿರುತ್ತಾನೆ. ಅಂಥವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಅವನನ್ನು ಯಾಕೆ ಕರೆಯಬೇಕಿತ್ತು?

“ಆಮೇಲೆ ತಿಂತೀನಿ” ಎಂದ. “ಗುರಿ ಇಡೋಕೆ ಮುಂಚೆ.”

ರಾಮ್‌ಫಲ್ ಕಸುಬಿನ ಗುಟ್ಟು ಕೇಳಿದವನಂತೆ ತಲೆದೂಗಿದ. ಬಸವಲಿಂಗಪ್ಪ ಎರಡನ್ನೂ ಎತ್ತಿ ಜಾಕೆಟಿನ ಎಡ ಜೇಬಿಗೆ ಹಾಕಿಕೊಂಡ. ಬಲ ಜೇಬಿನಲ್ಲಿ ತೋಟಾಗಳಿದ್ದವು.

ಮುದುಕಿ ಇದನ್ನೆಲ್ಲ ಕಂಬಕ್ಕೆ ಒರಗಿ ನೋಡುತ್ತಿದ್ದಳು. ತಾನು ತಟ್ಟೆ ಹಾಕಿಕೊಂಡಿರಲಿಲ್ಲ. ಬೆಳಗಿನಿಂದ ಮಾ ಉಪವಾಸ, ಯಾರ ಹೆಸರಿನಲ್ಲಿ ಎಂದರೆ ಹೇಳುವುದಿಲ್ಲ, ಎಂದು ರಾಮ್‌ಫಲ್ ದೂರಿದ.

“ಬೇಟಾ, ನಿನ್ನ ತಾಯಿ ಇದ್ದಾಳಾ?” ಎಂದು ಅವಳು ಕೇಳಿದಳು.

“ಇದ್ದಾರೆ.”

“ಅವಳಿಗೆ ಗೊತ್ತಾ, ನೀನು ಇಲ್ಲಿಗೆ ಬಂದಿರೋದು?”

“ಇಲ್ಲ.”

“ಹೂಂ” ಎಂದು ಅವಳು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಐದೂವರೆಗೆ ಬಿಸಿಲು ಹಣ್ಣಾಯಿತು. ಪಕ್ಕದವರ ಸಾಸಿವೆ ಹೂವಿನ ಹಳದಿ ಕಣ್ಣಿಗೆ ಚುಚ್ಚುತ್ತಿತ್ತು. ಬಸವಲಿಂಗಪ್ಪ ಬೆರಣಿ ಗೂಡಿನ ಪಕ್ಕ ಬೋರಲು ಮಲಗಿದ. ಕರಡಿಗೆ ಎದೆಗೂ ನೆಲಕ್ಕೂ ನಡುವೆ ಸಿಕ್ಕಿ ಒತ್ತತೊಡಗಿತು. ಎಡ ಜೇಬು ಪಕ್ಕೆಯ ಕೆಳಗೆ ಬಾರದಂತೆ ಮೈಯನ್ನು ಸ್ವಲ್ಪ ವಾಲಿಸಿಕೊಂಡ. ಇಂಥ ಭಂಗಿಯನ್ನು ಯಾವ ಕೋಚೂ ಒಪ್ಪುತ್ತಿರಲಿಲ್ಲ.

ಐದು ನಲವತ್ತೆಂಟಕ್ಕೆ ಗಂಡು ಬಂತು. ಗಡಿಕಲ್ಲಿನ ಹತ್ತಿರ ನಿಲ್ಲಲೇ ಇಲ್ಲ. ಬದು ದಾಟಿ, ನೇರ ಒಳಗೆ ನಡೆದು, ಕಡಲೆಗೆ ಬಾಯಿ ಹಾಕಿತು.

ಅವನು ಒಂದೊಂದಾಗಿ ಪರೀಕ್ಷಿಸಿದ. ಗಂಡೇ? ಗಂಡು. ಹೊಲದೊಳಗೇ? ಆರು ಮೀಟರ್ ಒಳಗೆ. ಸೂರ್ಯ? ಇದ್ದಾನೆ. ಹಿಂದೆ ಮನೆ, ಮನುಷ್ಯರು? ಇಲ್ಲ. ಎಲ್ಲೋ ಒಂದು ಕಡೆ ಫೇಲು ಸಿಕ್ಕೀತೆಂದು ಮತ್ತೆ ಮೊದಲಿನಿಂದ ನೋಡಿದ. ಎಲ್ಲವೂ ಪಾಸು.

ಕಡಲೆ ಗಿಡ ಬೇರು ಸಮೇತ ಕಿತ್ತು ಬರುವ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು. ಪ್ರತಿ ಸದ್ದಿಗೂ ಪಕ್ಕದಲ್ಲಿ ರಾಮ್‌ಫಲ್ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಬಸವಲಿಂಗಪ್ಪನಿಗೆ ಅದೂ ಕಂಡಿತು. ಗಂಡು ಅಗಿಯುತ್ತಲೇ ತಲೆ ಎತ್ತಿ, ಗೂಡಿನ ಕಡೆ ತಿರುಗಿ ನೋಡಿತು. ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಬೆರಳು ತನ್ನದಲ್ಲ ಎನ್ನುವಂತಿತ್ತು.

“ರಾಮ್‌ಫಲ್” ಎಂದ ಮೆಲ್ಲಗೆ. “ನಾನು ಮಾಂಸ ತಿನ್ನಲ್ಲ.”

“ತಿನ್ನೋದು ಬೇಡ ಸಾಬ್. ಹೊಡೀರಿ, ಸಾಕು.”

“ನಮ್ಮ ಮನೇಲಿ ಯಾರೂ ತಿನ್ನಲ್ಲ. ನಮಗೂ ಪಾಪ ಇದೆ.”

ರಾಮ್‌ಫಲ್ ತಿರುಗಿ ನೋಡಿದ. ಬಸವಲಿಂಗಪ್ಪ ರೈಫಲಿನಿಂದ ಕೈ ತೆಗೆದು, ಎಡ ಜೇಬಿನಿಂದ ಎರಡು ಮೊಟ್ಟೆಗಳನ್ನು ಹೊರಗೆ ತೆಗೆದ. ಒಂದರ ಸಿಪ್ಪೆ ಸ್ವಲ್ಪ ಬಿರುಕು ಬಿಟ್ಟಿತ್ತು. ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದ, ಅದೇ ಪೂರ್ತಿ ಉತ್ತರ ಎನ್ನುವಂತೆ.

“ಮೂರು ವರ್ಷ ಸಾಬ್” ಎಂದ ರಾಮ್‌ಫಲ್. ದನಿಯಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ, ದಾರಿಯಲ್ಲಿತ್ತು. “ಕ್ಯಾಂಟೀನಲ್ಲೇ ಹೇಳಬಹುದಿತ್ತು.”

“ಹೇಳಬಹುದಿತ್ತು. ನೀನು ಬಂದು ಕೇಳಿದ್ದೇ ಖುಷಿಯಾಯ್ತು. ಹನ್ನೊಂದು ವರ್ಷದಲ್ಲಿ ಇಲ್ಲಿ ಯಾರೂ ನನ್ನನ್ನ ಏನೂ ಕೇಳಿರಲಿಲ್ಲ.”

ರಾಮ್‌ಫಲ್ ಗಂಡನ್ನು ನೋಡಿದ. ಆಮೇಲೆ ಮೊಟ್ಟೆಗಳನ್ನು ನೋಡಿದ. ಬಹಳ ಹೊತ್ತು ಮೊಟ್ಟೆಗಳನ್ನೇ ನೋಡಿದ.

“ಸ್ಕೂಟರಿನಲ್ಲಿ ಹೋಗಿ ತಂದೆ” ಎಂದ. “ಯಾರಾದರೂ ಗುರುತು ಹಿಡಿದಾರು ಅಂತ ಮುಖಕ್ಕೆ ಬಟ್ಟೆ ಕಟ್ಕೊಂಡಿದ್ದೆ. ವಾಪಸು ಬರೋವಾಗ ಪಂಚಾಯ್ತಿ ಸರಪಂಚ ಸಿಕ್ಕಿದ. ಔಷಧಿ ಅಂದೆ.”

ಬರುತ್ತಿದ್ದ ಸಿಟ್ಟು ದಾರಿ ತಪ್ಪಿತೋ ಏನೋ. ಅವನ ಮೂಗಿನಿಂದ ಒಂದು ಸದ್ದು ಹೊರಟಿತು. ಬಾಯಿ ಮುಚ್ಚಿಕೊಂಡ, ಆಗಲಿಲ್ಲ. ಬೆರಣಿ ಗೂಡಿಗೆ ತಲೆ ಆನಿಸಿ ನಗತೊಡಗಿದ, ಮೊದಲು ಭುಜ ಮಾತ್ರ, ಆಮೇಲೆ ಹೊಟ್ಟೆಯಿಂದ, ಹೊಲವೆಲ್ಲ ಕೇಳುವಂತೆ. ಗಂಡು ಬೆಚ್ಚಿ ನಾಲ್ಕೂ ಕಾಲು ಒಟ್ಟಿಗೆ ಎತ್ತಿದ ಹಾಗೆ ಹಾರಿ, ಬದುವಿನಾಚೆ ಮಾಯವಾಯಿತು. ಬಸವಲಿಂಗಪ್ಪನಿಗೂ ನಗು ಬಂತು. ನಗುವಾಗ ಅವನ ಕಣ್ಣಲ್ಲಿ ನೀರಿತ್ತು, ಯಾತರದ್ದೆಂದು ಅವನು ಪರೀಕ್ಷಿಸಲಿಲ್ಲ.

ಸೂರ್ಯ ಟ್ಯಾಂಕಿನ ಹಿಂದೆ ಇಳಿದ. ಪರ್ಮಿಟ್ಟು ರಾಮ್‌ಫಲ್‌ನ ಜೇಬಿನಲ್ಲೇ ಮುಗಿದುಹೋಯಿತು.

ಮೊಟ್ಟೆಗಳನ್ನು ರಾಮ್‌ಫಲ್‌ನ ಮನೆಗೂ ಒಯ್ಯುವಂತಿಲ್ಲ, ಜನಕಪುರಿಗೂ ಒಯ್ಯುವಂತಿಲ್ಲ. ಬಸವಲಿಂಗಪ್ಪ ಹೋಗಿ ಗಡಿಕಲ್ಲಿನ ಮೇಲೆ ಇಟ್ಟು ಬಂದ. ತೋಟಾ ತೆಗೆದು ರೈಫಲಿಗೆ ಚೀಲ ಹಾಕುತ್ತಿದ್ದಾಗ ಮುದುಕಿ ಹಿತ್ತಾಳೆ ಚೊಂಬು ಹಿಡಿದು ಬದುವಿನ ಮೇಲೆ ಬಂದಳು. ಬಿತ್ತಾ ಎಂದು ಕೇಳಿದಳು. ಇಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಅವಳು ಅಲ್ಲೇ ಮಣ್ಣಿನ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಉಪವಾಸ ಯಾರ ಹೆಸರಿನಲ್ಲಿತ್ತೆಂದು ಯಾರೂ ಮತ್ತೆ ಕೇಳಲಿಲ್ಲ. ರಾಮ್‌ಫಲ್ ಮೊಟ್ಟೆಯ ಕಥೆ ಹೇಳಿದ, ಸರಪಂಚನನ್ನೂ ಸೇರಿಸಿ. ಮುದುಕಿ ನಗಲಿಲ್ಲ. ಬಸವಲಿಂಗಪ್ಪನನ್ನು ಮೇಲಿಂದ ಕೆಳಗೆ ನೋಡಿದಳು.

“ಮತ್ತೆ ನಿಮ್ಮೂರಲ್ಲಿ ಏನು ತಿಂತೀರಿ?”

“ಜೋಳದ ರೊಟ್ಟಿ.”

“ಜೋಳ?” ಎಂದಳು. “ಅದನ್ನ ನಾವು ಎಮ್ಮೆಗೆ ಹಾಕ್ತೀವಿ.”

“ಕೈಯಲ್ಲೇ ತಟ್ಟಿ ಮಾಡೋದು. ತೆಳ್ಳಗೆ.”

“ಮುಂದಿನ ಭಾನುವಾರ ಹೆಂಡ್ತೀನ ಕರ್ಕೊಂಡು ಬಾ. ತಟ್ಟಿ ತೋರಿಸಲಿ. ಹಿಟ್ಟು ಎಮ್ಮೆ ಪಾಲಿಂದ ತೆಗೆದಿಡ್ತೀನಿ.”

“ಬರ್ತೀವಿ” ಎಂದ ಅವನು. “ಹೊಲ ಕಾಯೋಕೂ ಬರ್ತೀನಿ. ಅರಚೋಕೆ ಪರ್ಮಿಟ್ಟು ಬೇಡವಲ್ಲ.”

ಬದುವಿನಂಚಿನ ಕಡಲೆಯ ಸಾಲು ಅಲ್ಲಾಡಿತು. ಗಂಡು ಮತ್ತೆ ಬಂದಿತ್ತು. ಮಬ್ಬಿನಲ್ಲಿ ಗಡಿಕಲ್ಲಿನ ಪಕ್ಕ ನಿಂತು, ಎರಡು ಬಿಳಿ ಮೊಟ್ಟೆಗಳ ಮೇಲೆ ಮೂತಿ ಆಡಿಸುತ್ತಿತ್ತು. ಬಸವಲಿಂಗಪ್ಪ ಎದ್ದ. ಎರಡೂ ಕೈ ಅಗಲಿಸಿ ಹೊಲದೊಳಕ್ಕೆ ಓಡುತ್ತ, ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸುತ್ತಿದ್ದ ಹಾಗೆ ಗಂಟಲು ಬಿಟ್ಟು ಕೂಗಿದ. ಹೋಯ್, ಹೋಯ್, ಹೋಗೋ ಆಚೆ, ಹೋಗೋ. ಹನ್ನೊಂದು ವರ್ಷದಲ್ಲಿ ಅವನು ಬಯಲಿನಲ್ಲಿ ಕನ್ನಡವನ್ನು ಅಷ್ಟು ಜೋರಾಗಿ ಆಡಿರಲಿಲ್ಲ.

ಗಂಡು ಓಡಲಿಲ್ಲ. ತಲೆ ಎತ್ತಿ, ಕಿವಿ ಮುಂದೆ ಮಾಡಿ ಕೇಳಿಸಿಕೊಂಡಿತು. ಅದರ ಮುಂಗಾಲೊಂದು ಬದುವಿನ ಈಚೆ ಇತ್ತು, ಉಳಿದ ಮೂರು ಆಚೆ.