ಹೆಸರು ಹಿಡಿದು ಬೇಡುವುದು

ಸೊರಬದಿಂದ ಶಿಕಾರಿಪುರಕ್ಕೆ ಬರುವ ಬಸ್ಸಿನಲ್ಲಿ ಕರುಣಾ ಕಾಲು ಸುಟ್ಟ ಬೆಕ್ಕಿನಂತೆ ಚಡಪಡಿಸುತ್ತಿದ್ದಳು. ಮಗಳು ಶರಣ್ಯ ಇಸ್ರೇಲಿನಲ್ಲಿ ಮಿರಿಯಮ್ ಎಂಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಬೆಳಿಗ್ಗೆ "ಸೈರನ್ ಆಗ್ತಿದೆ, ಅಜ್ಜೀನ ಕೆಳಗೆ ಕರ್ಕೊಂಡು ಹೋಗ್ತಿದೀನಿ" ಎಂದು ಮೆಸೇಜು ಹಾಕಿದವಳು ಆಮೇಲೆ ಪತ್ತೆಯಿಲ್ಲ. ಹಿಂದಿನ ದಿನ ಫೋನಿನಲ್ಲಿ ಒಂದು ಮಾತು ಬೇರೆ ಹೇಳಿದ್ದಳು.

"ಅಮ್ಮಾ, ನಾಳೆ ಮೀಟಿಂಗಲ್ಲಿ ಬಾಯಿ ಬಿಡ್ಬೇಡ. ಯಾರಾದ್ರೂ ವಿಡಿಯೊ ಹಾಕಿದ್ರೆ ನನ್ನ ಕೆಲಸಕ್ಕೇ ಕುತ್ತು."

ಮೀಟಿಂಗಿನ ವಿಷಯ ಇಷ್ಟೇ. ಚರ್ಚಿನ ಮುಖ್ಯ ಕಚೇರಿಯವರು ಪಾಲಕರ ಪಿಂಚಣಿ ಹಣವನ್ನು ಒಂದು ಕಂಪನಿಯಲ್ಲಿ ಹೂಡಿದ್ದಾರೆ. ಆ ಕಂಪನಿಯ ಬುಲ್ಡೋಜರುಗಳು ಪ್ಯಾಲೆಸ್ಟೀನಿಯರ ಮನೆ ಕೆಡವುತ್ತಿವೆಯಂತೆ. ಹಣ ವಾಪಸು ತೆಗೆಯೋಣವೋ ಬೇಡವೋ, ಪ್ರತಿ ಊರಿನ ಚರ್ಚಿನ ಸಭೆಯೂ ಕೈಯೆತ್ತಿ ಹೇಳಬೇಕು.

ಶಿಕಾರಿಪುರದ ಚರ್ಚಿನಲ್ಲಿ ಆರಾಧನೆ ಮುಗಿದದ್ದೇ ತಡ, ಜಗಳ ಹತ್ತಿಕೊಂಡಿತು. ಬಾಂಬು ಬೀಳುವುದು ಅಲ್ಲಿ, ಬೆಂಚು ಗುದ್ದುವುದು ಇಲ್ಲಿ.

"ಅವ್ರು ದೇವ್ರು ಆರಿಸ್ಕೊಂಡ ಜನ ರೀ. ಅವ್ರಿಗೆ ಎದುರು ನಿಂತ್ರೆ ಶಾಪ ತಟ್ಟತೈತಿ" ಎಂದರು ಸಭೆಯ ಹಿರಿಯ ಕೆಂಪಪ್ಪ.

"ಮನೆ ಕಳ್ಕೊಂಡೋರನ್ನ ಮತ್ಯಾರು ಹುಟ್ಟಿಸಿದ್ರು, ಅಣ್ಣಾರೆ?" ಎಂದಳು ಶಾಲಾ ಟೀಚರ್ ಸಂಗೀತ.

ಎಲ್ಲರೂ ಕರುಣಾಳ ಕಡೆ ತಿರುಗಿದರು. ಅವಳು ಫೋನು ನೋಡಿದಳು. ಉತ್ತರ ಬಂದಿರಲಿಲ್ಲ.

ಈ ಸಭೆಯಲ್ಲೊಂದು ಕಟ್ಟಳೆಯಿದೆ. ತೀರ್ಮಾನಕ್ಕೆ ಮೊದಲು, ಅದು ಯಾರಿಗೆ ತಟ್ಟುತ್ತದೋ ಅವರಿಗಾಗಿ ಹೆಸರು ಹಿಡಿದು ದೇವರಲ್ಲಿ ಬೇಡಬೇಕು. 'ಎಲ್ಲರನ್ನೂ ಕಾಪಾಡು' ಎಂದು ತೇಲಿಸಿಬಿಟ್ಟರೆ ಕೆಂಪಪ್ಪನವರಿಗೆ ಆಗದು. ವಿಳಾಸವಿಲ್ಲದ ಕಾಗದ ಯಾರ ಮನೆ ಮುಟ್ಟುತ್ತದೆ ಎಂದು ಕೇಳುವವರು ಅವರು. ಎರಡು ವರ್ಷದಿಂದ ಭಾನುವಾರ ತಪ್ಪದೆ ಶರಣ್ಯಳ ಹೆಸರು ಹಿಡಿದವರೂ ಅವರೇ. ಇವತ್ತೂ ಕಣ್ಣುಮುಚ್ಚಿ ಶರಣ್ಯ ಎಂದರು, ಮಿರಿಯಮ್ ಎಂದರು. ಪ್ರತಿ ಹೆಸರಿಗೂ ಸಭೆ ಆಮೆನ್ ಎಂದಿತು.

"ಆ ಕಡೆಯವ್ರ ಹೆಸರು?" ಸಂಗೀತ ಕೇಳಿದಳು.

ಯಾರಿಗೂ ಗೊತ್ತಿರಲಿಲ್ಲ. ಕೆಂಪಪ್ಪ ತಡಕಾಡಿದರು. "ಗೊತ್ತಿದ್ರಲ್ವಾ ಹೇಳೋದು... ಮುಂದಕ್ಕೆ ಹೋಗೋಣ."

ಕರುಣಾಳಿಗೆ ಗೊತ್ತಿತ್ತು, ಮಗಳು ಹೇಳಿದ್ದಳು. ಯೂಸುಫ್. ಮಿರಿಯಮ್ಮಳ ಬಚ್ಚಲಿಗೆ ಟೈಲ್ಸ್ ಹಾಕಿದ ಪ್ಯಾಲೆಸ್ಟೀನಿಯ, ಶರಣ್ಯಳಿಗೆ ತನ್ನ ಮನೆಯ ಆಲಿವ್ ಕಾಯಿ ತಂದುಕೊಟ್ಟವನು. ಅವನ ಮನೆ ಕೆಡವಿದ ಮೇಲೆ ಸುಳಿವಿಲ್ಲ. ಅವನು ಬಂದನೇ ಎಂದು ಮುದುಕಿ ದಿನಾ ಕೇಳುತ್ತಾಳಂತೆ. ಎದುರಿಗೆ ಸ್ಟ್ಯಾಂಡಿಗೆ ಸಿಕ್ಕಿಸಿದ ಯಾರದೋ ಫೋನು ಎಲ್ಲವನ್ನೂ ರೆಕಾರ್ಡು ಮಾಡಿಕೊಳ್ಳುತ್ತಿತ್ತು. ಮಗಳ ಅನ್ನಕ್ಕೆ ತಾನೇ ಕಲ್ಲು ಹಾಕುತ್ತಿದ್ದೇನೆಯೇ? ಆದರೆ ಗೊತ್ತಿರುವ ಹೆಸರನ್ನು ನುಂಗಿಕೊಂಡು, ತನ್ನ ಮಗಳನ್ನು ಮಾತ್ರ ಕಾಪಾಡು ಎಂದು ದೇವರನ್ನು ಕೇಳುವ ಮುಖವೆಲ್ಲಿದೆ?

"ಯೂಸುಫ್" ಎಂದಳು. "ಅವ್ನ ಹೆಂಡ್ತಿ ಸಲ್ಮಾ. ಮೂರು ಮಕ್ಕಳು. ಮನೆ ಬೀಳಿಸಿದಾರೆ ಅಂತೆ, ಎಲ್ಲಿದಾರೋ ಗೊತ್ತಿಲ್ಲ."

ಆಮೆನ್ ಬರಲಿಲ್ಲ. ಕೊನೆಗೆ ಕೆಂಪಪ್ಪನವರೇ ತಗ್ಗಿದ ದನಿಯಲ್ಲಿ "ಆಮೆನ್" ಎಂದರು. ಕಣ್ಣು ತೆರೆದು ಕರುಣಾಳನ್ನು ನೋಡಿದರು.

"ಹೆಸರು ಹಿಡಿದ್ಮೇಲೆ ಆಮೆನ್ ಅನ್ಲೇಬೇಕವ್ವಾ. ಆದ್ರೆ ನಾನು ಕೈ ಎತ್ತಂಗಿಲ್ಲ."

"ಹೂಂ ಅಣ್ಣಾರೆ" ಎಂದಳು ಕರುಣಾ.

ಹಣ ತೆಗೆಯಬೇಕು ಎನ್ನುವವರು ಕೈಯೆತ್ತಿ ಎಂದು ಸಭಾಪಾಲಕರು ಕೇಳಿದರು. ಮೊದಲು ಎದ್ದದ್ದು ಕರುಣಾಳ ಕೈ. ಫೋನನ್ನು ಕೆಳಗಿಡುವುದು ಅವಳಿಗೆ ಮರೆತುಹೋಗಿತ್ತು. ಎತ್ತಿದ ಕೈಯಲ್ಲೇ ಅದನ್ನು ಹಿಡಿದು ನಿಂತಿದ್ದಳು, ಈಗಲಾದರೂ ಸದ್ದು ಮಾಡೀತೇ ಎಂದು.