ಅಳಿಯನಿಂದ ಬಂದ ಮದ್ದು

ಎರ್ಮೆಲಿಂದಾ ಸೊಂಟ ಮುರಿದುಕೊಂಡದ್ದು ಟೀವಿಯಲ್ಲಿ ಅವಳ ಮೆಚ್ಚಿನ ಫುಟ್‌ಬಾಲ್ ತಂಡ ಸೆಂಟ್ರಲ್ ಗೋಲು ಹೊಡೆದಾಗ. ಎಪ್ಪತ್ತು ದಾಟಿದ ಹೆಂಗಸು ಸೋಫಾ ಹತ್ತಿ ಕುಣಿದರೆ ಇನ್ನೇನಾದೀತು? ರೊಸಾರಿಯೊ ಊರಿನ ಒಂದು ಆಸ್ಪತ್ರೆಯಲ್ಲಿ ಹೊಸ ಕೀಲು ಕೂರಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಗಾಯ ಕೀವಾಗದಿರಲೆಂದು ಕೊಟ್ಟ ಆಂಟಿಬಯೋಟಿಕ್ ಹೊಟ್ಟೆಯೊಳಗಿನ ಒಳ್ಳೆಯ ಕ್ರಿಮಿಗಳನ್ನೆಲ್ಲ ಗುಡಿಸಿ ಹಾಕಿತು. ವಾರ್ಡಿನಲ್ಲೇ ಸುಳಿದಾಡಿಕೊಂಡಿದ್ದ ಒಂದು ಕೆಟ್ಟ ಬ್ಯಾಕ್ಟೀರಿಯಾ ಖಾಲಿ ಮನೆ ಕಂಡು ಒಳಹೊಕ್ಕು ಬಿಡಾರ ಹೂಡಿತು. ಪಾಪ, ಹೊಸ ಸೊಂಟ ನಡೆಯಲು ಕಲಿಯುವ ಮೊದಲೇ ಪಾಯಿಖಾನೆಗೆ ಓಡಲು ಕಲಿಯಬೇಕಾಯಿತು.

ಅವಳನ್ನು ಬೇರೆ ಕೋಣೆಗೆ ಹಾಕಿದರು. ನೋಡಲು ಬಂದವರೆಲ್ಲ ಹಳದಿ ಗೌನು ತೊಡಬೇಕು, ಹೋಗುವಾಗ ಸೋಪು ಹಾಕಿ ಕೈ ತಿಕ್ಕಬೇಕು. ಮಾತ್ರೆಗೆ ಭೇದಿ ನಿಂತಿತು. ಮನೆಗೆ ಹೋದದ್ದೇ ತಡ, ಮತ್ತೆ ಶುರು. ಮತ್ತೆ ಮಾತ್ರೆ, ಮತ್ತೆ ಅದೇ ಕಥೆ. ಎರ್ಮೆಲಿಂದಾ ಸೊರಗಿ ಕಡ್ಡಿಯಾದಳು. ಬಾಯಿ ಮಾತ್ರ ಸೊರಗಲಿಲ್ಲ.

"ಅಮ್ಮಾ, ಇನ್ನೊಂದು ದಾರಿ ಇದೆ," ಎಂದರು ಡಾಕ್ಟರ್ ವಿಜಿಲ್. "ಆರೋಗ್ಯವಾಗಿರೋ ಒಬ್ಬರ ಮಲ ತಗೊಂಡು, ಕಲಸಿ, ಸೋಸಿ, ಕೊಳವೇಲಿ ನಿಮ್ಮ ಕರುಳಿಗೆ ಬಿಡ್ತೀವಿ. ಅದರಲ್ಲಿರೋ ಒಳ್ಳೆ ಕ್ರಿಮಿಗಳು ಕೆಟ್ಟದ್ದನ್ನ ಓಡಿಸ್ತವೆ."

"ಡಾಕ್ಟರಮ್ಮ, ಸಾಯೋ ಮುದುಕಿ ಹತ್ರ ತಮಾಷೆ ಮಾಡಬಾರದು."

ತಮಾಷೆಯಲ್ಲ ಎಂದು ನಂಬಿಸುವಷ್ಟರಲ್ಲಿ ಮಗಳು ಮಿರ್ತಾಗೆ ಗಂಟಲು ಒಣಗಿತು. ಕೊನೆಗೆ ಎರ್ಮೆಲಿಂದಾ ಅಂದಳು: "ಆಯ್ತು. ಆದ್ರೆ ಮನೆಯವರದ್ದೇ ಆಗ್ಬೇಕು. ದಾರೀಲಿ ಹೋಗೋರದ್ದು ನಂಗೆ ಬೇಡ."

ಮನೆಯವರ ಪರೀಕ್ಷೆ ನಡೆಯಿತು. ಮಗ ಓಸ್ವಾಲ್ದೊ ಹಲ್ಲುನೋವಿಗೆ ಆಂಟಿಬಯೋಟಿಕ್ ನುಂಗುತ್ತಿದ್ದ, ಫೇಲು. ಮಿರ್ತಾಳ ಮಲದಲ್ಲಿ ಯಾವುದೋ ಹುಳದ ಮೊಟ್ಟೆ, ಅವಳೂ ಫೇಲು. ಪಾಸಾದವನು ಒಬ್ಬನೇ: ಮಿರ್ತಾಳ ಗಂಡ ದಾರ್ದೊ. ಸೆಂಟ್ರಲ್‌ನ ಹುಟ್ಟುವೈರಿ ನ್ಯೂವೆಲ್ಸ್ ತಂಡದ ಭಕ್ತ. ಮದುವೆಗೂ ಆ ತಂಡದ ಕೆಂಪು-ಕಪ್ಪು ಬಣ್ಣದ ಟೈ ಕಟ್ಟಿಕೊಂಡು ಬಂದಿದ್ದ ಆಸಾಮಿ.

"ನ್ಯೂವೆಲ್ಸ್‌ನವನ ಹೇಲು ನನ್ನ ಹೊಟ್ಟೇಲಿ? ಸತ್ತರೂ ಸರಿ, ಬೇಡ!"

ಹಳದಿ ಗೌನಿನಲ್ಲಿ ಮೂಲೆಯಲ್ಲಿ ನಿಂತಿದ್ದ ದಾರ್ದೊ ಮೆಲ್ಲಗೆ ಹೇಳಿದ: "ಅತ್ತೆ, ಇಷ್ಟು ವರ್ಷ ನನ್ನ ಬಾಯಿಂದ ಬಂದದ್ದು ಯಾವುದನ್ನೂ ನೀವು ಒಪ್ಪಲಿಲ್ಲ. ಇದನ್ನಾದ್ರೂ ಒಪ್ಕೊಳ್ಳಿ."

ಎರ್ಮೆಲಿಂದಾಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ತಪ್ಪಾಯಿತು. "ಅಯ್ಯೋ, ಬಂತು!" ಎಂದಳು. ಮಿರ್ತಾಗೆ ಅವಳನ್ನು ಎತ್ತಲಾಗದೆ ದಾರ್ದೊನೇ ಹೊತ್ತು ಪಾಯಿಖಾನೆಯಲ್ಲಿ ಕೂರಿಸಿ, ಬಾಗಿಲಾಚೆ ಬೆನ್ನು ಮಾಡಿ ನಿಂತ. ಒಳಗೆ ಕೂತವಳ ಕಿವಿಗೆ ಅವನು ನರ್ಸಿಗೆ ಹೇಳಿದ್ದು ಬಿತ್ತು: "ಎಷ್ಟು ಹಗುರ ಆಗಿಬಿಟ್ಟಿದ್ದಾರೆ ನೋಡಿ, ಹಕ್ಕಿ ಎತ್ತಿದ ಹಾಗಾಯ್ತು." ದನಿ ನಡುಗುತ್ತಿತ್ತು. ಎರ್ಮೆಲಿಂದಾ ಒಳಗಿಂದಲೇ ಕೂಗಿದಳು: "ಏಯ್, ಒಪ್ಪಿದೀನಿ. ಬಾರಲ್ಲಿ ಯಾರಿಗಾದ್ರೂ ಹೇಳಿದ್ಯೋ, ನಿನ್ನ ಕರುಳೇ ಕಿತ್ತು ಹಾಕ್ತೀನಿ!"

ಗೊತ್ತುಮಾಡಿದ ದಿನ ಬೆಳಿಗ್ಗೆ ದಾರ್ದೊ ಡಬ್ಬಿ ಹಿಡಿದು ಆಸ್ಪತ್ರೆಯ ಪಾಯಿಖಾನೆಯೊಳಗೆ ಹೋದವನು ಹೊರಗೇ ಬರಲಿಲ್ಲ.

"ಏನಾಯ್ತ್ರೀ?"

"ಬರ್ತಾ ಇಲ್ಲ ಕಣೇ! ಹೊರಗೆ ಎಲ್ಲರೂ ಕಾದು ನಿಂತ್ರೆ ಹೇಗೆ ಬರುತ್ತೆ?"

ಮಿರ್ತಾ ಮಾತೆ ಎಂಬ ಎಲೆಯ ಬಿಸಿ ಕಷಾಯ ಮಾಡಿ ಬಾಗಿಲ ಸಂದಿಯಲ್ಲಿ ಕೊಟ್ಟಳು. ಅವನು ಹೀರಿದ, ಮತ್ತೆ ಕೇಳಿದ, ಮತ್ತೆ ಹೀರಿದ. ಕೊನೆಗೆ ಕಪ್ ಗೆದ್ದ ಕ್ಯಾಪ್ಟನ್ನಿನ ಹಾಗೆ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಡಾಕ್ಟರ್ ಗಂಭೀರವಾಗಿ ಸ್ವೀಕರಿಸಿದರು.

ಎರ್ಮೆಲಿಂದಾಗೆ ನಿದ್ದೆ ಬರಿಸಿ ಕೆಲಸ ಮುಗಿಸಿದರು. ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಹೋಯಿತು. ಗಂಟೆ ಬಾರಿಸಿ ನರ್ಸನ್ನು ಕರೆದು, "ಬಾ, ನೋಡು ಬಾ!" ಎಂದು ಹೊಸ ಮೊಮ್ಮಗುವನ್ನು ತೋರಿಸುವಂತೆ ತೋರಿಸಿದಳು. ಭೇದಿ ಮತ್ತೆ ಬರಲಿಲ್ಲ. ಮೈ ತುಂಬಿಕೊಂಡು, ಕೋಲು ಹಿಡಿದು ಬೀದಿ ಸುತ್ತತೊಡಗಿದಳು.

ಈಗ ದಿನಕ್ಕೊಂದು ಸಲ ಮಗಳಿಗೆ ಫೋನು. ಮಗಳ ಯೋಗಕ್ಷೇಮ ಆಮೇಲೆ, ಮೊದಲ ಪ್ರಶ್ನೆ, "ಅವನಿಗೆ ಬೆಳಿಗ್ಗೆ ಸರಿಯಾಗಿ ಆಯ್ತಾ?"

ಭಾನುವಾರ ಕೆಂಡದ ಮೇಲೆ ಮಾಂಸ ಸುಡುವಾಗ ದಾರ್ದೊ ಎರಡನೇ ಸಾಸೇಜಿಗೆ ಕೈ ಹಾಕಿದರೆ ಅವಳ ಫೋರ್ಕು ಅಡ್ಡ ಬರುತ್ತದೆ.

"ಸಾಕು ಮಾರಾಯ, ಹೊಟ್ಟೆ ಕೆಡಿಸ್ಕೋಬೇಡ. ನಾಳೆ ನಂಗೆ ಮತ್ತೆ ಬೇಕಾದ್ರೆ ಯಾರ ಹತ್ರ ಹೋಗ್ಲಿ? ತಗೋ, ಕುಂಬಳಕಾಯಿ ತಿನ್ನು."

ದಾರ್ದೊ ಹೆಂಡತಿಯ ಮುಖ ನೋಡುತ್ತಾನೆ. ಮಿರ್ತಾ ಇನ್ನೊಂದು ತುಂಡು ಕುಂಬಳಕಾಯಿ ಬಡಿಸುತ್ತಾಳೆ.